ಬೇರಿನ ತುದಿಗೆ ತುಂಬಿದ್ದು ಏನೆಂದು ರೋಗಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಹಲ್ಲಿನ ಬೇರಿನ ಶಸ್ತ್ರಚಿಕಿತ್ಸೆ ಕುರಿತು ಬಂದ ಲೇಖನ ಓದಿದೆ. ರೂಟ್ ಕೆನಾಲ್ ಮಾಡಿಸಿಕೊಂಡ ಮೇಲೂ ಬೇರಿನ ತುದಿಯ ಸೋಂಕು ವಾಸಿಯಾಗದಿದ್ದಾಗ ಒಸಡು ಬಿಡಿಸಿ, ಮೂಳೆಯಲ್ಲಿ ಸಣ್ಣ ಕಿಂಡಿ ತೆರೆದು, ಬೇರಿನ ತುದಿ ಕತ್ತರಿಸಿ ತೆಗೆಯುವ ಕ್ರಮವನ್ನು ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಕತ್ತರಿಸಿದ ತುದಿಗೆ ತುಂಬುವ ವಸ್ತುವಿನ ವಿಷಯ ಬಂದಾಗ, ದೇಹಕ್ಕೆ ಒಗ್ಗುವ ಸಿಮೆಂಟ್ ಎಂದಷ್ಟೇ ಹೇಳಿ ಮುಂದೆ ಹೋಗಿದ್ದಾರೆ. ಈ ಶಸ್ತ್ರಚಿಕಿತ್ಸೆ ಮಾಡುವ ದಂತವೈದ್ಯನಾದ ನನಗೆ ಅಷ್ಟು ಸಾಲದೆನಿಸಿತು. ರೋಗಿ ಕೇಳಲೇಬೇಕಾದ ಪ್ರಶ್ನೆ ಇರುವುದೇ ಅಲ್ಲಿ.

ಬಾಯಲ್ಲಿ ಕಾಣುವ ಫಿಲ್ಲಿಂಗ್‌ಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಅದು ಹಲ್ಲಿನ ಗಟ್ಟಿ ಗೋಡೆಗಳ ನಡುವೆ ಕೂತಿರುತ್ತದೆ. ಇದು ಹಾಗಲ್ಲ, ರಕ್ತ ಹರಿಯುವ ಮೂಳೆಗೆ, ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರುಗಳಿಗೆ ನೇರವಾಗಿ ತಾಗಿಕೊಂಡಿರುತ್ತದೆ. ಸಾಮಾನ್ಯವಾಗಿ ಬೇರಿನ ಕೊನೆಯ 3 ಮಿ.ಮೀ. ಕತ್ತರಿಸಿ, ಅಲ್ಟ್ರಾಸಾನಿಕ್ ಉಪಕರಣದಿಂದ ಒಳಗೆ ಇನ್ನೊಂದು 3 ಮಿ.ಮೀ. ಆಳದ ಗುಳಿ ಮಾಡಿ ತುಂಬುತ್ತೇವೆ. ಒಸಡಿಗೆ ಹೊಲಿಗೆ ಹಾಕಿದ ಮೇಲೆ ಅದನ್ನು ಯಾರೂ ಕಣ್ಣಾರೆ ನೋಡುವುದಿಲ್ಲ. ಎಕ್ಸ್‌ರೇಯಲ್ಲಿ ಒಂದು ಬಿಳಿ ಚುಕ್ಕೆ, ಅಷ್ಟೇ.

ಹಲವು ದಶಕಗಳ ಕಾಲ ಆ ಗುಳಿಗೆ ತುಂಬುತ್ತಿದ್ದದ್ದು ಅಮಾಲ್ಗಮ್, ಅಂದರೆ ಬೆಳ್ಳಿ, ತವರ, ತಾಮ್ರದ ಪುಡಿಗೆ ಪಾದರಸ ಬೆರೆಸಿದ ಮಿಶ್ರಣ. ಸುಲಭವಾಗಿ ಸಿಗುತ್ತಿತ್ತು, ಕೈಗೆ ಪಳಗಿತ್ತು, ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತಿತ್ತು. ಆದರೆ ತೇವ ತಾಗಿದರೆ ಸತು ಇರುವ ಅಮಾಲ್ಗಮ್ ಹಿಗ್ಗುತ್ತದೆ, ವರ್ಷಗಳು ಕಳೆದಂತೆ ಸವಕಳಿಯಾಗಿ ಲೋಹದ ಕಣಗಳು ಸುತ್ತಲಿನ ಅಂಗಾಂಶಕ್ಕೆ ಇಳಿಯುತ್ತವೆ. ಹಿಂದೆ ಇಂಥ ಶಸ್ತ್ರಚಿಕಿತ್ಸೆ ಆದವರ ಮುಂದಿನ ಹಲ್ಲಿನ ಮೇಲ್ಭಾಗದ ಒಸಡಿನಲ್ಲಿ ನೀಲಿ ಮಿಶ್ರಿತ ಬೂದು ಬಣ್ಣದ ಕಲೆ ಕಾಣುವುದು ಇದರಿಂದಲೇ. ಅದೇ ಜಾಗವನ್ನು ಮತ್ತೆ ಬಿಡಿಸಿ ನೋಡಿದಾಗ ಬೇರಿನ ತುದಿಯ ಸುತ್ತ ಕಪ್ಪು ಚುಕ್ಕೆಗಳು ಬೆರೆತ ಮೆತ್ತನೆಯ ಅಂಗಾಂಶ ಸಿಗುತ್ತದೆ. ಕೆರೆದು ತೆಗೆದರೂ ಮೂಳೆಯಲ್ಲಿ ಕಲೆ ಉಳಿದಿರುತ್ತದೆ.

ಆಮೇಲೆ ಸತುವಿನ ಆಕ್ಸೈಡ್ ಮತ್ತು ಯೂಜಿನಾಲ್ ಸೇರಿದ ಸಿಮೆಂಟ್‌ಗಳು ಬಂದವು. ಯೂಜಿನಾಲ್ ಲವಂಗದೆಣ್ಣೆಯ ಮುಖ್ಯ ಅಂಶ. ಹಸಿಯಾಗಿದ್ದಾಗ ಅದು ಜೀವಕೋಶಗಳಿಗೆ ಒಳ್ಳೆಯದಲ್ಲ. ಗಟ್ಟಿಯಾದಂತೆ ಆ ತೊಂದರೆ ಇಳಿಯುತ್ತದೆ. ಅಮಾಲ್ಗಮ್‌ಗಿಂತ ಇವು ಎಷ್ಟೋ ಮೇಲು.

ನಿಜವಾದ ತಿರುವು ಬಂದದ್ದು 1993ರಲ್ಲಿ. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್, ಚಿಕ್ಕದಾಗಿ ಎಂಟಿಎ, ಎಂಬ ವಸ್ತುವನ್ನು ಪರಿಚಯಿಸಿದರು. ಇದರ ಬಹುಭಾಗ ಕಟ್ಟಡಕ್ಕೆ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟ್‌ನಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟ್‌ಗಳೇ. ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಸೇರಿಸಿದ್ದಾರೆ. 1997ರಲ್ಲಿ ಇದೇ ತಂಡ ಮಂಗಗಳ ಹಲ್ಲಿನ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಎಂಟಿಎ ತುಂಬಿದ 6 ಬೇರುಗಳಲ್ಲಿ 5ರ ಸುತ್ತ ಉರಿಯೂತ ಇರಲಿಲ್ಲ. ತುಂಬಿದ ವಸ್ತುವಿನ ಮೇಲೆಯೇ ಸಿಮೆಂಟಮ್, ಅಂದರೆ ಬೇರಿನ ಸಹಜ ಹೊರಪದರ, ಪೂರ್ತಿಯಾಗಿ ಬೆಳೆದಿತ್ತು. ಅಮಾಲ್ಗಮ್ ತುಂಬಿದ ಎಲ್ಲ ಬೇರುಗಳ ಬಳಿಯೂ ಉರಿಯೂತವಿತ್ತು, ಅಮಾಲ್ಗಮ್ ಮೇಲೆ ಸಿಮೆಂಟಮ್ ಬೆಳೆದಿರಲಿಲ್ಲ. ಸಂಖ್ಯೆ ಸಣ್ಣದು, ನಿಜ. ಆದರೆ ದೇಹ ಪರವಸ್ತುವನ್ನು ಬರೀ ಸಹಿಸಿಕೊಂಡು ಸುಮ್ಮನಿರುವುದು ಬೇರೆ, ಅದರ ಮೇಲೆ ತನ್ನದೇ ಪದರ ಕಟ್ಟುವುದು ಬೇರೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ.

ಹಾಗೆಂದು ಒಗ್ಗುವ ವಸ್ತು ಎಂಬ ಮುದ್ರೆಯನ್ನು ಡಬ್ಬಿಯ ಮೇಲೆ ಒತ್ತಿ ಕೈತೊಳೆದುಕೊಳ್ಳುವಂತಿಲ್ಲ. ಎಂಟಿಎ ಕಲಸಿದಾಗ ಅದರ ಪಿಎಚ್ ಸುಮಾರು 10.2 ಇರುತ್ತದೆ, 3 ಗಂಟೆಗಳಲ್ಲಿ 12.5ಕ್ಕೆ ಏರುತ್ತದೆ. ಇದು ಸುಣ್ಣದ ತಿಳಿನೀರಿನಷ್ಟೇ ಪ್ರಬಲ ಕ್ಷಾರ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಪಕ್ಕದಲ್ಲಿ ಹಸಿ ಎಂಟಿಎ ಇಟ್ಟರೆ ಹತ್ತಿರದ ಕೋಶಗಳು ಸಾಯಬಹುದು. ಗಟ್ಟಿಯಾದ ಮೇಲೆ ಇಟ್ಟರೆ ಅದೇ ಬಗೆಯ ಕೋಶಗಳು ಅದರ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಜೀವಂತ ದವಡೆಯಲ್ಲಿ ರಕ್ತ ಹರಿಯುತ್ತಾ ಆ ಕ್ಷಾರವನ್ನು ತಗ್ಗಿಸುತ್ತದೆ, ತಟ್ಟೆಯಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ಯಾವ ಪರೀಕ್ಷೆ, ವಸ್ತು ಹಸಿಯೋ ಒಣಗಿದ್ದೋ, ಎಷ್ಟು ದಿನಕ್ಕೆ ನೋಡಿದ್ದು ಎಂದು ಹೇಳದೆ ಬರೀ ಸುರಕ್ಷಿತ ಎನ್ನುವ ಜಾಹೀರಾತಿಗೆ ಅರ್ಥವಿಲ್ಲ. ಮನುಷ್ಯರಲ್ಲಂತೂ ವಾಸಿಯಾದ ಜಾಗವನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಅವಕಾಶ ಅಪರೂಪ. ನಾವು ನೆಚ್ಚುವುದು ಎಕ್ಸ್‌ರೇಯನ್ನು, ಅದರಲ್ಲಿ ಗಾಯದ ನಾರು ಯಾವುದು, ಉಳಿದ ಉರಿಯೂತ ಯಾವುದು ಎಂದು ಪ್ರತಿ ಬಾರಿಯೂ ಬಿಡಿಸಿ ಹೇಳಲಾಗುವುದಿಲ್ಲ.

ತುಂಬುವ ಕೈಯ ಪಾತ್ರವೂ ಇದೆ. ಪುಡಿಗೆ ನೀರು ಬೆರೆಸಿದಾಗ ಎಂಟಿಎ ಹಸಿ ಮರಳಿನಂತಿರುತ್ತದೆ. ನೀರು ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ಉದುರುತ್ತದೆ. ಮೊದಲ ಎಂಟಿಎ ಗಟ್ಟಿಯಾಗಲು 2 ಗಂಟೆ 45 ನಿಮಿಷ ಬೇಕಿತ್ತು. ಅಷ್ಟರೊಳಗೆ ರಕ್ತ ಬೆರೆತರೆ, ಸೋಂಕಿನ ಆಮ್ಲ ತಾಗಿದರೆ ಅದರ ಬಲ ಕುಗ್ಗುತ್ತದೆ. ರಕ್ತಸ್ರಾವ ನಿಲ್ಲಿಸದೆ ಅವಸರದಲ್ಲಿ ತುಂಬಿದರೆ ಎಂಥ ಒಳ್ಳೆಯ ವಸ್ತುವೂ ಕೈಕೊಡುತ್ತದೆ. ಬಯೋಡೆಂಟಿನ್‌ನಂಥ ನಂತರದ ಸಿಮೆಂಟ್‌ಗಳು ಸುಮಾರು 12 ನಿಮಿಷಕ್ಕೇ ಗಟ್ಟಿಯಾಗತೊಡಗುವುದು ಈ ದೃಷ್ಟಿಯಿಂದ ದೊಡ್ಡ ಅನುಕೂಲ. 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹಳೆಯ ವಿಧಾನದ ಯಶಸ್ಸನ್ನು ಶೇ 59, ಹೊಸದರದನ್ನು ಶೇ 94 ಎಂದು ಲೆಕ್ಕ ಹಾಕಿತ್ತು. ಆ ಅಂತರದಲ್ಲಿ ಸೂಕ್ಷ್ಮದರ್ಶಕ, ಅಲ್ಟ್ರಾಸಾನಿಕ್ ಉಪಕರಣ, ಹೊಸ ಸಿಮೆಂಟ್ ಎಲ್ಲದರ ಪಾಲೂ ಇದೆ. ಪೂರಾ ಶ್ರೇಯವನ್ನು ಸಿಮೆಂಟ್‌ಗೇ ಕೊಡುವುದು ಸರಿಯಲ್ಲ.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ವಿಷಯ. ಹಿಂದೆಂದೋ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತೆ ನೋವೆಂದು ಬಂದಾಗ, ಒಳಗೆ ಏನು ತುಂಬಿದ್ದಾರೆಂದು ಕೇಳಿದರೆ ಬಹುತೇಕ ಯಾರಿಗೂ ಗೊತ್ತಿರುವುದಿಲ್ಲ. ಅವರ ಕೈಲಿರುವ ಚೀಟಿಯಲ್ಲಿ ಔಷಧಿ, ಮುಂದಿನ ಭೇಟಿಯ ದಿನ ಇರುತ್ತವೆ, ವಸ್ತುವಿನ ಹೆಸರು ಇರುವುದಿಲ್ಲ. ಯುರೋಪಿಯನ್ ಒಕ್ಕೂಟದ 2017ರ ವೈದ್ಯಕೀಯ ಸಾಧನಗಳ ನಿಯಮ ದೇಹದೊಳಗೆ ಇರಿಸುವ ಸಾಧನಗಳಿಗೆ ರೋಗಿಯ ಕೈಗೆ ಇಂಪ್ಲಾಂಟ್ ಕಾರ್ಡ್, ಅಂದರೆ ಒಳಗೆ ಇರಿಸಿದ್ದು ಯಾವ ಸಾಧನ ಎಂದು ತಿಳಿಸುವ ಚೀಟಿ, ಕೊಡಬೇಕೆನ್ನುತ್ತದೆ, ಆದರೆ ಹಲ್ಲಿನ ಫಿಲ್ಲಿಂಗ್‌ಗಳಿಗೆ ವಿನಾಯಿತಿ ಕೊಟ್ಟಿದೆ. ಬಾಯಲ್ಲಿ ಕಾಣುವ ಫಿಲ್ಲಿಂಗ್‌ಗೆ ಆ ವಿನಾಯಿತಿ ಇರಲಿ, ಮೂಳೆಯೊಳಗೆ ಕೂತ ಸಿಮೆಂಟ್‌ಗೂ ಅದನ್ನೇ ಅನ್ವಯಿಸುವುದನ್ನು ನಾನು ಒಪ್ಪಲಾರೆ.

ಕಾನೂನು ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. ವಸ್ತುವಿನ ಹೆಸರು, ಬ್ಯಾಚ್ ಸಂಖ್ಯೆ, ಯಾವ ಹಲ್ಲು, ಯಾವ ದಿನ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಡಲು ಒಂದು ನಿಮಿಷ ಸಾಕು. ಮುಂದೆ ಯಾವ ವೈದ್ಯರ ಬಳಿ ಹೋದರೂ ಎಕ್ಸ್‌ರೇ ಓದಲು, ಮರುಚಿಕಿತ್ಸೆ ಬೇಕೇ ಎಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗಲೇ ಏನು ತುಂಬುತ್ತೇವೆ, ಏಕೆ ಎಂದು ಹೇಳಿಬಿಡುವುದು ಇನ್ನೂ ಒಳ್ಳೆಯದು.

ಇದನ್ನು ಓದಿ ಯಾರೂ ಗಾಬರಿಯಾಗಬೇಡಿ. ನಿಮ್ಮ ಬೇರಿನ ತುದಿಯಲ್ಲಿ ಹಳೆಯ ಅಮಾಲ್ಗಮ್ ಇದ್ದು, ನೋವು, ಊತ, ಕೀವು ಇಲ್ಲದೆ, ಎಕ್ಸ್‌ರೇಯಲ್ಲಿ ಮೂಳೆ ತುಂಬಿಕೊಂಡಿದ್ದರೆ ಅದನ್ನು ತೆಗೆಸುವ ಅಗತ್ಯವಿಲ್ಲ. ಹೊಸದಾಗಿ ಶಸ್ತ್ರಚಿಕಿತ್ಸೆ ಆದವರು ಮಾತ್ರ ನೋವಿಲ್ಲವೆಂದು ತಪಾಸಣೆ ಬಿಡಬಾರದು. ವರ್ಷ ತುಂಬಿದಾಗ ಎಕ್ಸ್‌ರೇ ತೆಗೆಸಿ, ಮೂಳೆ ಪೂರ್ತಿ ಕೂಡಿರದಿದ್ದರೆ 4 ವರ್ಷದವರೆಗೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ ಆ ಚೀಟಿಯನ್ನೂ ಜೊತೆಗೆ ಒಯ್ಯಿರಿ.

ಇಂತಿ,
ಒಬ್ಬ ದಂತವೈದ್ಯ