ಎಕ್ಸ್‌ರೇ ರೂಮಿನ ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಮೆಡಿಕಲ್ ಕಾಲೇಜಿನ ಹುಡುಗರು ಫೈನಲ್ ಇಯರ್ ಪಾಸಾಗಿ ಇಂಟರ್ನ್‌ಶಿಪ್ಪಿಗೆ ಹೊರಟಿದ್ದಾರೆ. ಕಾರವಾರಕ್ಕೆ ಬಂದು ರೇಡಿಯಾಲಜಿ (ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಗುರುತಿಸುವ ವಿದ್ಯೆ) ಪಾಠ ಶುರು ಮಾಡಿದ ಮೇಲೆ ಕೊನೆಯವರೆಗೂ ನಾನು ಜೊತೆಗಿದ್ದ ಮೊದಲ ಬ್ಯಾಚ್ ಇದು. ಫೋನ್ ತುಂಬ 'ಥ್ಯಾಂಕ್ಯೂ ಮೇಡಂ'. ಖುಷಿಯೇ. ಆದರೆ ಅದರಲ್ಲಿ ಜಾಸ್ತಿ ಪಾಲು ಬೇರೆಯವರದ್ದು.

ಮೊದಲು ನಮ್ಮ ಟೆಕ್ನಿಷಿಯನ್‌ಗಳು. ಎದೆಯ ಎಕ್ಸ್‌ರೇ ಓದುವುದನ್ನು ನಾನು ಹೇಳಿಕೊಟ್ಟೆ. ಒಳ್ಳೆ ಫಿಲ್ಮ್ ತೆಗೆಯೋದು ಹೇಗೆ ಅಂತ ಕಲಿಸಿದ್ದು ಇವರು. ರೋಗಿ ಪೂರ್ತಿ ಉಸಿರು ಎಳೆದುಕೊಳ್ಳದಿದ್ದರೆ ಶ್ವಾಸಕೋಶದ ಬುಡ ಬೆಳ್ಳಗಾಗಿ, ಇಲ್ಲದ ನ್ಯುಮೋನಿಯಾ ಕಾಣುತ್ತದೆ. ಹಿಂಬದಿಯ ಪಕ್ಕೆಲುಬು ಒಂಬತ್ತು-ಹತ್ತಾದರೂ ಎಣಿಸಲು ಸಿಗಬೇಕು. ಕೊಂಕಣಿ ಮಾತ್ರ ಬರುವ ಅಜ್ಜಿಗೆ ಕಲಬುರಗಿಯ ಹುಡುಗ ಏನಂತ ಹೇಳಬೇಕು? ನಮ್ಮವರು ತಾವೇ ಎದೆಯುಬ್ಬಿಸಿ ತೋರಿಸುತ್ತಿದ್ದರು. ಆಮೇಲೆ ಹುಡುಗರೂ ಹಾಗೇ ಮಾಡತೊಡಗಿದರು.

ಕ್ಯಾಂಟೀನಿನ ಅಕ್ಕನನ್ನು ಬಿಡುವಂತೆಯೇ ಇಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕುವುದನ್ನು ನೇರ ರೋಗಿಯ ಮೇಲೆ ಕಲಿಸೋಕಾಗಲ್ಲ. ರೆಡಿಮೇಡ್ ಮಾಡೆಲ್‌ಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಕ್ಕ ಚೀನಾ ಗ್ರಾಸ್ ಕುದಿಸಿ, ಇಸಬ್‌ಗೋಲ್ ಕಲಸಿ, ನೀರು ತುಂಬಿ ಗಂಟು ಹಾಕಿದ ಗ್ಲೌಸಿನ ಬೆರಳುಗಳನ್ನು ಒಳಗಿಟ್ಟು ಡಬ್ಬಿಯಲ್ಲಿ ಗಟ್ಟಿ ಮಾಡಿ ಕೊಟ್ಟರು. ಇಸಬ್‌ಗೋಲ್ ಇಲ್ಲದಿದ್ದರೆ ಸ್ಕ್ರೀನೆಲ್ಲ ಕಪ್ಪು. ಹಾಕಿದರೆ ಥೇಟ್ ಲಿವರಿನ ಬೂದು ಬಣ್ಣ, ನಡುವೆ ಕಪ್ಪಗೆ ಕೀವಿನ ಗುಳಿ! ಸೂಜಿ ಎಲ್ಲರಿಗೂ ಕಾಣುತ್ತಿತ್ತು, ತುದಿ ಎಲ್ಲಿದೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಅಪಾಯ ಇರೋದೇ ಅಲ್ಲಿ. ಪ್ರೋಬ್, ಅಂದರೆ ಮೈಮೇಲೆ ಇಟ್ಟು ನೋಡುವ ಸ್ಕ್ಯಾನ್ ಹಿಡಿಕೆ, ಒಂಚೂರು ಓರೆಯಾದರೂ ಸೂಜಿಯ ನಡುಭಾಗವೇ ತುದಿಯ ಹಾಗೆ ಕಾಣುತ್ತದೆ. ಕಲಿಯುತ್ತಾ ಹುಡುಗರು ಆ ಡಬ್ಬಿಯನ್ನು ಜರಡಿ ಮಾಡಿಬಿಟ್ಟರು.

ಆಮೇಲೆ ಬೈತಖೋಲದ ಕಡೆಯಿಂದ ಬಂದ ಒಬ್ಬರು ಮೀನುಗಾರರು. ಲಿವರಿನಲ್ಲಿ ಕೀವು ತುಂಬಿತ್ತು. ಹುಡುಗರು ನಿಂತು ನೋಡಬಹುದಾ ಅಂದಿದ್ದಕ್ಕೆ "ನೋಡ್ಲಿ, ಕಲೀಲಿ" ಅಂದರು. ಮೊದಲು ಸೂಜಿ, ಅದರೊಳಗಿಂದ ತಂತಿ, ಸೂಜಿ ತೆಗೆದು ತಂತಿಯ ಮೇಲೆ ಟ್ಯೂಬ್. ಇದು ಸ್ವೀಡನ್ನಿನ ಸೆಲ್ಡಿಂಗರ್ ಅನ್ನೋ ಡಾಕ್ಟರು ರಕ್ತನಾಳಕ್ಕೆಂದು 1953ರಲ್ಲಿ ಪ್ರಕಟಿಸಿದ ಉಪಾಯ. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಅನ್ನೋ ರೇಡಿಯಾಲಜಿಸ್ಟ್ ಚರ್ಮದ ಮೂಲಕವೇ ಟ್ಯೂಬ್ ತೂರಿಸಿ, 82 ವರ್ಷದ ಅಜ್ಜಿಯ ಕಾಲಿನ ಕಿರಿದಾಗಿದ್ದ ರಕ್ತನಾಳ ಅಗಲಿಸಿ ಕಾಲು ಉಳಿಸಿದರು. ಕ್ಲಾಸಿನಲ್ಲಿ ಇದಕ್ಕೆ ಆಕಳಿಸಿದವರೇ ಅವತ್ತು ಕೀವು ಬ್ಯಾಗಿಗೆ ಇಳಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಅಷ್ಟು ನೋವಿನಲ್ಲೂ ಒಪ್ಪಿದ ಆ ಅಣ್ಣನಿಗೆ ಎಷ್ಟು ಹೇಳಿದರೂ ಕಮ್ಮಿಯೇ.

ಮಕ್ಕಳೇ, ನಿಮಗೂ ಥ್ಯಾಂಕ್ಸ್. ಸುಮ್ನೆ ತಲೆ ಆಡಿಸದೆ ಪ್ರಶ್ನೆ ಕೇಳಿದಿರಿ, ಅದಕ್ಕೆ. ಜೋಯಿಡಾಕ್ಕೋ ಸಿದ್ದಾಪುರಕ್ಕೋ ಡಾಕ್ಟರಾಗಿ ಹೋದಾಗ ಒಂದು ಉಪಕಾರ ಮಾಡಿ. ಎಕ್ಸ್‌ರೇ ಚೀಟಿಯಲ್ಲಿ ಬರೀ 'ಚೆಸ್ಟ್ ಪಿಎ' (ಬೆನ್ನ ಕಡೆಯಿಂದ ತೆಗೆಯುವ ಎದೆಯ ಎಕ್ಸ್‌ರೇ) ಅಂತ ಗೀಚಿ ಕಳಿಸಬೇಡಿ. ಕೆಮ್ಮು ಎಷ್ಟು ದಿನದ್ದು, ಜ್ವರ ಇದೆಯಾ, ಹಿಂದೆ ಟಿಬಿ ಆಗಿತ್ತಾ, ಒಂದು ಸಾಲು ಬರೆಯಿರಿ. ಹಳೇ ಫಿಲ್ಮ್ ಇದ್ದರೆ ಅದನ್ನೂ ತರೋಕೆ ಹೇಳಿ.