ಮಾಂಬಳದ ಬೆನ್ನಿನ ಗೆರೆ

ಪೆರ್ಲ ಸಮೀಪ, ಕಾಸರಗೋಡು,
ಮೇ ಕೊನೆಯ ಪತ್ತನಾಜೆಗೆ ಹತ್ತು ದಿನ ಇರುವಾಗ

ಪ್ರೀತಿಯ ಮಗಳೇ,

ಸಣ್ಣ ಸಂತೋಷಗಳ ಬಗ್ಗೆ ನೀನು ಬರೆದ ಹನ್ನೊಂದು ಪುಟ ಬಂತು. ಫೋನಿನಲ್ಲಿ ಓದಲು ಕಣ್ಣು ಒಪ್ಪುವುದಿಲ್ಲ, ಹಾಗಾಗಿ ಪೇಟೆಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಜಗಲಿಯಲ್ಲಿ ಕೂತು ಒಮ್ಮೆ ಓದಿದೆ. ರಾತ್ರಿ ಕರೆಂಟು ಹೋದಾಗ ಟಾರ್ಚ್ ಹಿಡಿದು ಇನ್ನೊಮ್ಮೆ ಓದಿದೆ. 'ಮಾಷ್ಟ್ರೇ, ದಾಕ್ಷಿಣ್ಯ ಮಾಡಬೇಡಿ' ಅಂತ ನೀನೇ ಬರೆದಿದ್ದೀ, ಮೊದಲು ಕಹಿ ಹೇಳಿ ಮುಗಿಸುತ್ತೇನೆ.

ಸಣ್ಣ ಸಂತೋಷಗಳಿಗೆ ಋಣಿಯಾಗಿರಬೇಕು ಎಂದು ಶುರು ಮಾಡಿ ಮೊದಲ ಮೂರು ಪುಟದಲ್ಲಿ ನೀನು ಕೊಟ್ಟ ಪಟ್ಟಿ ಇದು: ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ, ಹಬೆಯಾಡುವ ಕಾಫಿ, ಅಜ್ಜಿಯ ಕೈತುತ್ತು, ಹಕ್ಕಿಗಳ ಚಿಲಿಪಿಲಿ. ಮಾರಾಯ್ತಿ, ಈ ಅಜ್ಜಿ ಯಾರು? ನಿನ್ನ ಅಜ್ಜಿ ನನಗೆ ಗೊತ್ತಲ್ಲ. ಕೈತುತ್ತು ಕೊಡುವ ಜನವೇ ಅಲ್ಲ ಅವರು. ಬಾಳೆಲೆ ಹಾಕಿ 'ಬೇಕಾದ್ರೆ ಉಣ್ಣು' ಅಂತ ಹೇಳಿ ಹಟ್ಟಿಗೆ ಹೋಗುವವರು. ಕಾಫಿಯೂ ಸುಳ್ಳು, ನಿಮ್ಮ ಮನೆಯಲ್ಲಿ ಬೆಳಗ್ಗೆ ಚಾಯ. ಇನ್ನು ಹಕ್ಕಿ. ನಮ್ಮ ಕಡೆ ತೋಟದ ಬದಿಯಲ್ಲಿ ಬೆಳಗಾಗುವಾಗ ಕೂಗುವುದು ಕೆಂಬೂತ. ಅದು ಚಿಲಿಪಿಲಿ ಅನ್ನುವುದನ್ನು ಯಾರಾದರೂ ಕೇಳಿದ್ದಾರಾ? ಖಾಲಿ ಕೊಡದೊಳಗೆ ಊದಿದ ಹಾಗೆ ಇರುತ್ತದೆ ಅದರ ಸ್ವರ.

ಈ ನಾಲ್ಕನ್ನೂ ವಿಜಯಪುರದಲ್ಲಿ ಕೂತವರು ಬರೆಯಬಹುದು, ಯಾವ ಊರನ್ನೂ ಸರಿಯಾಗಿ ನೋಡದವರೂ ಬರೆಯಬಹುದು. ಮದುವೆ ಕಾಗದದ ಮೇಲ್ಗಡೆ ಅಚ್ಚಾಗಿ ಬರುವ ಶ್ಲೋಕದ ಹಾಗೆ ಅವು. ತಪ್ಪಿಲ್ಲ, ಯಾರೂ ಓದುವುದಿಲ್ಲ.

ಕಹಿ ಮುಗಿಯಿತು. ಏಳನೇ ಪುಟದಲ್ಲಿ, ಬೇರೆ ಏನೋ ಹೇಳುತ್ತಾ ಹೋಗುವಾಗ, ನೀನು ಒಂದು ಸಾಲು ಬೀಳಿಸಿ ಹೋಗಿದ್ದೀ. ಮಾವಿನ ರಸ ಒಣಗಿಸಿ ಮಾಡಿದ ಮಾಂಬಳದ ತುಂಡನ್ನು ತಿರುವಿ ನೋಡಿದರೆ ಬೆನ್ನಿನಲ್ಲಿ ಚಾಪೆಯ ಗೆರೆ ಇರುತ್ತದೆ, ಸಣ್ಣವಳಿದ್ದಾಗ ಆ ಗೆರೆಗಳನ್ನು ನಾಲಗೆಯಿಂದ ಎಣಿಸುತ್ತಿದ್ದೆ ಅಂತ. ಅಲ್ಲಿ ನಾನು ಕಾಗದ ಕೆಳಗಿಟ್ಟೆ. ಎಪ್ಪತ್ತನಾಲ್ಕು ವರ್ಷ ಮಾಂಬಳ ತಿಂದ ನಾನು ಅದರ ಬೆನ್ನು ನೋಡಿರಲಿಲ್ಲ. ಒಳಗೆ ಹೋಗಿ ಕಳೆದ ವರ್ಷದ್ದು ಒಂದು ತುಂಡು ತಂದು ತಿರುವಿದೆ. ಉಂಟು, ಗೆರೆ ಉಂಟು. ಒಂದು ಕಡೆ ಚಾಪೆ ಹರಿದಲ್ಲಿ ಗೆರೆಯೂ ತಪ್ಪಿದೆ.

ಆ ಸಾಲನ್ನು ನೀನು ಯಾಕೆ ಅಷ್ಟು ಬೇಗ ಬಿಟ್ಟೆ? ನಾನಾದರೆ ಅಲ್ಲೇ ಕೂರುತ್ತಿದ್ದೆ. ಕಾಟುಮಾವು, ಅಂದರೆ ಕಾಡುಮಾವಿನ ಹಣ್ಣು, ರಾತ್ರಿ ಬೀಳುತ್ತದೆ. ಅಳಿಲು ಏಳುವ ಮೊದಲು ಎದ್ದು ಹೆಕ್ಕಬೇಕು. ತೊಳೆದು, ತೊಟ್ಟು ತೆಗೆದು, ಪಾತ್ರೆಗೆ ಹಿಂಡಿದರೆ ರಸ. ಅದನ್ನು ಬಿಸಿಲಲ್ಲಿ ಹಾಸಿದ ಚಾಪೆಯ ಮೇಲೆ ಅಂಗೈಯಲ್ಲಿ ಸವರಬೇಕು. ಮೊದಲ ದಿನದ್ದು ಎಷ್ಟು ತೆಳು ಅಂದರೆ ಚಾಪೆಯ ಬಣ್ಣ ಕಾಣುತ್ತದೆ. ಮರುದಿನ ಅದು ಒಣಗಿದ ಮೇಲೆ ಇನ್ನೊಂದು ಪದರ. ಹೀಗೆ ದಿನಕ್ಕೊಂದು, ಎರಡು ಮೂರು ವಾರ. ನಡುವೆ ಮೋಡ ಬಂದರೆ ಇಬ್ಬರು ಎರಡು ತುದಿ ಹಿಡಿದು, ವಾಲದ ಹಾಗೆ, ಚಾಪೆ ಸಮೇತ ಒಳಗೆ ತರಬೇಕು. ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಆಟಿ ತಿಂಗಳ ಮಳೆಯಲ್ಲಿ, ತರಕಾರಿ ಇಲ್ಲದ ದಿನ, ಆ ಮಾಂಬಳ ನೀರಲ್ಲಿ ನೆನೆದು ಗೊಜ್ಜಾಗಿ ಎಲೆಗೆ ಬರುತ್ತದೆ. ಒಟ್ಟಿಗೆ ಉಪ್ಪುಸೊಳೆಯ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ, ರೊಟ್ಟಿ ಇದ್ದರೆ ಮತ್ತೆ ಮಾತು ಬೇಡ.

ನಿನ್ನ ನಾಲಗೆ ಎಣಿಸಿದ ಗೆರೆ ಎಂದರೆ ಆ ಮೊದಲ ದಿನದ, ಎಲ್ಲದಕ್ಕಿಂತ ಅಡಿಯ ಪದರ. ಅದನ್ನು ಸವರಿದವರು ಯಾರು ಅಂತ ಅಮ್ಮನಲ್ಲಿ ಕೇಳು. ಕೇಳಿಯೇ ಬರೆ.

ನೀನು ಪತ್ರದಲ್ಲಿ ಇನ್ನೊಂದು ಕೇಳಿದ್ದೀ. ಫೋನಿನಲ್ಲಿ ಯಾವುದೋ ಆ್ಯಪ್ ಹಾಕಿಕೊಂಡು ದಿನಾ ಮಲಗುವ ಮೊದಲು ಕೃತಜ್ಞತೆಯ ಮೂರು ವಿಷಯ ಬರೆಯುತ್ತಿದ್ದೇನೆ, ಇದರಿಂದ ಬರವಣಿಗೆಗೆ ಉಪಯೋಗ ಉಂಟಾ ಅಂತ. ಮನಸ್ಸಿಗೆ ಉಪಯೋಗ ಉಂಟು, ಅದನ್ನು ತಮಾಷೆ ಮಾಡುವುದಿಲ್ಲ. ಅಮೆರಿಕದ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲಾ ಎಂಬ ಮನಃಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ವಾರಕ್ಕೊಮ್ಮೆ, ಋಣಿಯಾಗಿರುವ ಐದರವರೆಗಿನ ಸಂಗತಿಗಳನ್ನು ಬರೆದಿಟ್ಟ ವಿದ್ಯಾರ್ಥಿಗಳು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಇದ್ದರಂತೆ. ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬವರು ಆಮೇಲೆ ಮಾಡಿದ ಕೆಲಸದಲ್ಲಿ ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಹೆಚ್ಚು ಗುಣ ಕಂಡಿತು. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ದಿನಾ ಪಾಯಸ ಮಾಡಿದರೆ ನಾಲ್ಕನೇ ದಿನ ಅದು ಗಂಜಿ.

ಬರೆಯುವವಳಿಗೆ ಮಾತ್ರ ನನ್ನ ಸಲಹೆ ಬೇರೆ. ಮೂರು ಬೇಡ, ಒಂದು ಸಾಕು. ವಾರಕ್ಕೊಮ್ಮೆ ಸಾಕು. ಆದರೆ ಪುಟ ತುಂಬ ಬರೆ, ಆ ಒಂದು ಸಂಗತಿ ನಿನ್ನ ಕೈಗೆ ಬರುವ ಮೊದಲು ಯಾರ ಯಾರ ಕೈ ದಾಟಿತು ಅಂತ.

ಇದನ್ನು ನಾನು ಕಲಿತದ್ದು ಒಂದು ಅವಮಾನದಿಂದ. ಹೇಳಿಯೇ ಬಿಡುತ್ತೇನೆ.

ಕಾಸರಗೋಡು ಜಿಲ್ಲೆಯಾದ ವರ್ಷ, 1984ರಲ್ಲಿ, ನಾನು ನಮ್ಮ ಸುರಂಗದ ನೀರಿನ ಮೇಲೆ ಒಂದು ಪ್ರಬಂಧ ಬರೆದೆ. ನಿನಗೆ ಸುರಂಗ ವಿವರಿಸಬೇಕಾಗಿಲ್ಲ, ಬೆಂಗಳೂರಿನ ನಿನ್ನ ಓದುಗರಿಗೆ ನೀನು ವಿವರಿಸಬೇಕಾದೀತು: ಬಾವಿಯ ಹಾಗೆ ಕೆಳಗೆ ಹೋಗದೆ, ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಹೊಗುವ ಬಿಲ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಅದರ ಗೋಡೆಯಿಂದ ಒಸರುತ್ತದೆ. ನೆಲ ಹೊರಗೆ ಚೂರು ಇಳಿಜಾರಾಗಿರುವುದರಿಂದ ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಿಯಿಂದ ಅಂಗಳದ ಟಾಂಕಿಗೆ ಸೀಳಿದ ಅಡಿಕೆ ಮರದ ದಂಬೆ. ಏಪ್ರಿಲ್ ಮೇಯಲ್ಲಿ ಆ ನೀರಿಗೆ ಕೈ ಒಡ್ಡಿದರೆ ಮೊಣಕೈವರೆಗೆ ತಂಪು ಏರುತ್ತದೆ. ಪ್ರಬಂಧದಲ್ಲಿ ಆ ತಂಪನ್ನು ಮೂರು ಪುಟ ಹೊಗಳಿದ್ದೆ. ಪ್ರಕೃತಿ ಮಾತೆಗೆ ನಮಸ್ಕಾರ ಹೇಳಿ ಮುಗಿಸಿದ್ದೆ. ಹತ್ತು ಜನ ಕಾಗದ ಬರೆದು ಮೆಚ್ಚಿದರು.

ಒಂದು ದಿನ ಬಸ್‌ ಸ್ಟಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. "ಮಾಷ್ಟ್ರೇ, ನೀರಿನ ಬಗ್ಗೆ ಚಂದ ಬರ್ದಿದ್ದೀರಿ. ಅಪ್ಪನಿಗೆ ಓದಿ ಹೇಳಿದೆ," ಅಂದಳು.

ನಾನು ಉಬ್ಬಿ ಕೇಳಿದೆ, "ಎಂತ ಹೇಳಿದ್ರು?"

"ನಲ್ವತ್ತೆಂಟು ಕೋಲು ಅಂತ ಹೇಳಿದ್ರು."

ಅಷ್ಟೇ. ಬಸ್ಸು ಬಂತು, ಅವಳು ಹತ್ತಿದಳು.

ಕೋಲು ಅಂದರೆ ನಮ್ಮಲ್ಲಿ ಬಾವಿ, ಸುರಂಗ ಅಳೆಯುವ ಲೆಕ್ಕ, ಸುಮಾರು ಎರಡೂವರೆ ಅಡಿ. ನಮ್ಮ ಸುರಂಗವನ್ನು, ನಾನು ಹತ್ತು ವರ್ಷದವನಿದ್ದಾಗ, ಅಗೆದದ್ದು ಅವಳ ಅಪ್ಪ. ಆ ನೀರು ನಲ್ವತ್ತೆಂಟು ಕೋಲು ದೂರದಲ್ಲಿತ್ತು ಅಂತ ಆ ಮನುಷ್ಯನಿಗೆ ನೆನಪಿತ್ತು. ಪ್ರಬಂಧ ಬರೆದವನಿಗೆ ಉದ್ದ ಎಷ್ಟು ಅಂತಲೂ ಗೊತ್ತಿರಲಿಲ್ಲ.

ಮುಂದಿನ ಆದಿತ್ಯವಾರ ಅವರ ಮನೆಗೆ ಹೋದೆ. ಗಂಟೆಗಟ್ಟಲೆ ಹೇಳಿದರು. ಒಳಗೆ ಮಂಡಿಯೂರಿ ಕೂತು ಪಿಕ್ಕಾಸು ಬೀಸಲು ಜಾಗ ಸಾಲದೆ ಮೋಟು ಹಿಡಿ ಹಾಕಿಸಿಕೊಂಡದ್ದು. ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದು ಅಂತ ತಿಳಿದು ಹಿಂದೆ ತೆವಳಿ ಬಂದದ್ದು. ಮೂವತ್ತನೇ ಕೋಲಿನಲ್ಲಿ ಕರಿಕಲ್ಲು ಸಿಕ್ಕಿ ಬಲಕ್ಕೆ ತಿರುಗಿಸಿದ್ದು. ಗೋಡೆಗೆ ಅಂಗೈ ಇಟ್ಟು ಬೆವರು ಹತ್ತಿತಾ ಅಂತ ದಿನಾ ನೋಡಿದ್ದು. ಒಂದನ್ನು ಅವರು ಹೇಳಲಿಲ್ಲ, ನನಗೇ ನೆನಪಾಯಿತು. ಅಗೆಯುವವರಿಗೆ ಹತ್ತು ಗಂಟೆಗೆ ಚಾಯ ಕೊಡಬೇಕಿತ್ತು. ಅಂಗಳದ ಆಚೆ, ತೆಂಗಿನ ಗೆರಟೆಯಲ್ಲಿ, ಮೇಲಿಂದ ಹೊಯ್ಯಬೇಕಿತ್ತು. ಹೊಯ್ಯುತ್ತಿದ್ದ ಹುಡುಗ ನಾನೇ.

ಆ ಪ್ರಬಂಧವನ್ನು ಯಾವ ಸಂಕಲನಕ್ಕೂ ನಾನು ಸೇರಿಸಿಲ್ಲ. ಹೊಸದಾಗಿ ಬರೆಯಲು ಕೂತಾಗೆಲ್ಲ ಗೆರಟೆಯ ಹತ್ತಿರ ಬಂದು ಪೆನ್ನು ನಿಲ್ಲುತ್ತದೆ. ನೀರು ಮಾತ್ರ ಇವತ್ತೂ ತಂಪಾಗಿಯೇ ಉಂಟು, ಮೇ ಆದ್ದರಿಂದ ಕಿರುಬೆರಳಿನಷ್ಟು ದಪ್ಪಕ್ಕೆ ಬರುತ್ತಿದೆ. ಕುಡಿಯುವಾಗ ಖುಷಿಯೂ ಆಗುತ್ತದೆ. ಆ ಖುಷಿ ಬೇಡ ಅಂತ ನಾನು ನಿನಗೆ ಹೇಳುವುದಿಲ್ಲ.

ನಿನ್ನ ಕೊನೆಯ ಪ್ರಶ್ನೆ ನಿಜವಾಗಿ ಕಷ್ಟದ್ದು. ಗಡಿನಾಡಿನಲ್ಲಿ ಕನ್ನಡಕ್ಕೆ ಇಷ್ಟು ತೊಂದರೆ ಇರುವಾಗ ಚಾಯ, ಮಾಂಬಳ ಅಂತ ಬರೆಯುತ್ತಾ ಕೂರುವುದು ತಪ್ಪಿಸಿಕೊಳ್ಳುವುದಲ್ಲವಾ ಅಂತ ಕೇಳಿದ್ದೀ. ನೋಡು, 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಆಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಬದುಕಿಡೀ ಹೋರಾಡಿದರು. 2015ರಲ್ಲಿ, ನೂರು ತುಂಬಿದ ಮೇಲೆ, ಅದನ್ನು ಕಾಣದೆಯೇ ತೀರಿಕೊಂಡರು. ಅದೇ ರೈಗಳು ಪೆರಡಾಲದಲ್ಲಿ ಮಕ್ಕಳಿಗೆ ಪಾಠ ಹೇಳಿದರು, ತೋಟ ಮಾಡಿದರು, ಮಕ್ಕಳಿಗೆ ಪದ್ಯ ಬರೆದರು. ಮಣ್ಣು ಮೆತ್ತಿದ ಕೈಯಲ್ಲೇ ಸಿಟ್ಟನ್ನೂ ಬರೆದರು. ಅವರಿಗೆ ಇವು ಬೇರೆ ಬೇರೆ ಕೆಲಸ ಆಗಿರಲಿಲ್ಲ ಅಂತ ನನ್ನ ಲೆಕ್ಕ.

ಆದರೆ ಒಂದು ಎಚ್ಚರ ಹೇಳುತ್ತೇನೆ. 'ಇದ್ದುದರಲ್ಲಿ ಸಂತೋಷಪಡಿ' ಅಂತ ಇನ್ನೊಬ್ಬರಿಗೆ ಬರೆಯಬೇಡ, ಹತ್ತನೇ ಪುಟದಲ್ಲಿ ಅದನ್ನೇ ಮಾಡಿದ್ದೀ. ನಮ್ಮ ಎಣ್ಮಕಜೆಯ ಗುಡ್ಡಗಳ ಗೇರು ತೋಟದ ಮೇಲೆ 2000ದ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದರಲ್ಲ. ಆ ಸದ್ದು ಕೇಳಿದ ಕೂಡಲೇ ಕ್ಲಾಸಿನ ಮಕ್ಕಳು ಕುಣಿಯುತ್ತಿದ್ದರು. ಪುಸ್ತಕ ಮುಚ್ಚಿ ಹೊರಗೆ ಬಿಟ್ಟವನು ನಾನೇ. ಅಂಗಳದಲ್ಲಿ ನಿಂತು ಮೇಲೆ ನೋಡಿ ಕೈ ಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ. ಅಷ್ಟು ಶುದ್ಧ ಸಂತೋಷವನ್ನು ನಾನು ಮತ್ತೆ ಮಕ್ಕಳ ಮುಖದಲ್ಲಿ ಕಂಡಿಲ್ಲ. ಅದರಲ್ಲಿ ಕೆಲವರ ಮನೆಗೆ ಈಗ ಹೋಗಲು ನನಗೆ ಧೈರ್ಯ ಬೇಕು. ಸಣ್ಣ ಸಂತೋಷ ಅಂತ ಪುಸ್ತಕ ಬರೆಯುವುದಾದರೆ ಈ ಕೈ ಬೀಸಿದ್ದನ್ನು ಎಲ್ಲಿ ಇಡುವುದು? ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಿನಗೆ ಒಂದು ಮಾತು ಉಡುಗೊರೆ ಕೊಡುತ್ತೇನೆ, ಈ ಊರಿನದ್ದೇ. ಮೊನ್ನೆ ಕುಂಬಳೆ ಬಸ್ಸಿನಲ್ಲಿ ಒಬ್ಬ ಮುದುಕಿಗೆ ಸೀಟು ಬಿಟ್ಟುಕೊಟ್ಟೆ. 'ನನ್ನಿ ಮೋನೇ' ಅಂದಳು, ಮೋನೇ ಅಂದರೆ ಮಗನೇ. ನನಗಿಂತ ಸಣ್ಣವಳೇ ಇರಬೇಕು, ಇರಲಿ. ಮಲಯಾಳದ ಬಾಯಿಮಾತಿನಲ್ಲಿ ನನ್ನಿ ಅಂದರೆ ಉಪಕಾರ ನೆನೆಯುವ ಮಾತು. ನಮ್ಮ ಹಳಗನ್ನಡದಲ್ಲಿ ನನ್ನಿ ಅಂದರೆ ಸತ್ಯ. ಪಂಪ ಛಲಕ್ಕೆ ದುರ್ಯೋಧನನನ್ನು ಹೆಸರಿಸಿ, ನನ್ನಿಗೆ ಕರ್ಣನನ್ನು ಹೆಸರಿಸಿದ. ಬೇರಿನ ವಿಚಾರ ಪಂಡಿತರು ನೋಡಿಕೊಳ್ಳಲಿ. ತುಳು, ಬ್ಯಾರಿ, ಕೊಂಕಣಿ, ಹವ್ಯಕ ಎಲ್ಲ ಒಟ್ಟಿಗೆ ಕುಲುಕುವ ಆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನಿಗೆ ಎರಡು ಅರ್ಥವೂ ಒಂದೇ ಸಲ ಕೇಳಿದವು. ಬದಿಯಡ್ಕದಲ್ಲಿ ಹುಟ್ಟಿದ ನಿನಗೂ ಕೇಳುತ್ತದೆ, ಬೆಂಗಳೂರಿನ ನಿನ್ನ ಸ್ನೇಹಿತರಿಗೆ ಕೇಳುವುದು ಕಷ್ಟ.

ಹನ್ನೊಂದು ಪುಟ ಹರಿದು ಹಾಕಬೇಡ. ಏಳನೆಯದನ್ನು ಮುಂದೆ ಇಟ್ಟು, ಉಳಿದದ್ದನ್ನು ಹಿಂದೆ ಇಡು. ರಜೆಗೆ ಬಂದಾಗ ಅಮ್ಮನ ಒಟ್ಟಿಗೆ ಬೆಳಗ್ಗೆ ಐದಕ್ಕೆ ಮಾವು ಹೆಕ್ಕಲು ಹೋಗು, ಫೋನು ಮನೆಯಲ್ಲಿರಲಿ. ಅಮ್ಮ ಸೊಂಟ ಹಿಡಿದುಕೊಂಡು ಎಷ್ಟು ಸಲ ನಿಲ್ಲುತ್ತಾರೆ ಅಂತಲೂ ನೋಡು. ಬರೆಯುವ ಆತುರ ಬೇಡ.

ಇನ್ನೂ ಎರಡು ವಿಷಯ ಹೇಳಬೇಕಿತ್ತು, ನಿನ್ನ ಅಲ್ಪವಿರಾಮಗಳ ಬಗ್ಗೆ ಒಂದು. ಆದರೆ ಪಡುವಣದಲ್ಲಿ ಮೋಡ ಕಟ್ಟಿದೆ. ಮನೆಯವಳು ಅಂಗಳದಿಂದ ಎರಡು ಸಲ ಕರೆದಳು. ಹದಿಮೂರನೇ ಪದರ, ಇನ್ನೂ ಹಸಿ ಉಂಟು. ಕೆಲಸದಿಂದ ನಿವೃತ್ತಿ ಆಗುವವರೆಗೆ ನಾನು ಚಾಪೆ ಹಿಡಿದವನಲ್ಲ, ಈಗಲೂ ವಾಲಿಸುತ್ತೇನೆ ಅಂತ ಬೈಗುಳ ತಿನ್ನುತ್ತೇನೆ. ಹೋಗುತ್ತೇನೆ, ಇನ್ನೊಂದು ತುದಿ ಹಿಡಿಯಬೇಕು.

ನಿನ್ನ
ಮಾಷ್ಟ್ರು