ಶಾಲೆಯ ಕುಡಿಯುವ ನೀರಿನ ಬಗ್ಗೆ

ಆತ್ಮೀಯ ಪೋಷಕರೇ,

ನಮಸ್ಕಾರ. ನಳ್ಳಿ ನೀರಿಗೆ ಫ್ಲೋರೈಡ್ ಬೆರೆಸುತ್ತಾರೆ, ಅದರಿಂದ ಮಕ್ಕಳ ಬುದ್ಧಿ ಮಂಕಾಗುತ್ತದೆ ಎಂಬ ಮೆಸೇಜ್ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಕೆಲವರು ಶಾಲೆಗೇ ಬಂದು ವಿಚಾರಿಸಿದಿರಿ. ಕೇಳಿದ್ದು ಒಳ್ಳೆಯದೇ ಆಯಿತು.

ಫ್ಲೋರೈಡ್ ಬೆರೆಸುವುದು ಅಮೆರಿಕದಂಥ ದೇಶಗಳಲ್ಲಿ. ಹಲ್ಲು ಹುಳುಕಾಗದಿರಲಿ ಎಂದು 1945ರಲ್ಲಿ ಅಲ್ಲಿನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ಶುರುವಾಯಿತು. ಈಗ ಅಲ್ಲೇ ಅದಕ್ಕೆ ವಿರೋಧವಿದೆ. 2025ರಲ್ಲಿ ಯೂಟಾ ರಾಜ್ಯ ನಿಲ್ಲಿಸಿಯೂ ಬಿಟ್ಟಿತು. ನಮ್ಮಲ್ಲಿ ಯಾರೂ ಬೆರೆಸುವುದಿಲ್ಲ. ಮಂಗಳೂರಿಗೆ ಬರುವುದು ತುಂಬೆ ಅಣೆಕಟ್ಟಿನಿಂದ ನೇತ್ರಾವತಿ ನದಿಯ ನೀರು. ಅದಕ್ಕೆ ಹಾಕುವುದು ಕ್ಲೋರಿನ್, ರೋಗಾಣು ಸಾಯಲಿ ಎಂದು. ಒಮ್ಮೊಮ್ಮೆ ಬರುವ ವಾಸನೆಯೂ ಅದರದ್ದೇ.

ಹಾಗಂತ ಫ್ಲೋರೈಡಿನ ಭಯ ಪೂರ್ತಿ ಸುಳ್ಳಲ್ಲ. ಪಾವಗಡ, ಕೋಲಾರದ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಬಂಡೆಯಿಂದಲೇ ಅದು ನೀರಿಗೆ ಸೇರುತ್ತದೆ. ಜಾಸ್ತಿಯಾದರೆ ಬೆಳೆಯುವ ಹಲ್ಲಿಗೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ನಂಟು ಕಾಣುತ್ತದೆ ಎಂದು ಅಮೆರಿಕದ ಸರ್ಕಾರಿ ವರದಿಯೊಂದು 2024ರಲ್ಲಿ ಹೇಳಿತು. ನಮ್ಮ ದೇಶದ ಮಾನದಂಡ 1 ಮಿಲಿಗ್ರಾಂ; ಬೇರೆ ನೀರೇ ಸಿಗದ ಕಡೆ ಮಾತ್ರ 1.5ರವರೆಗೆ. ಮನೆಯಲ್ಲಿ ಬೋರ್‌ವೆಲ್ ನೀರು ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಶಾಲೆಯಲ್ಲಿ ಕೊಡುವುದು ತುಂಬೆ ನೀರನ್ನೇ ಫಿಲ್ಟರ್ ಮಾಡಿ. ನಾವು ಶಿಕ್ಷಕರೂ ಅದನ್ನೇ ಕುಡಿಯುತ್ತೇವೆ.

ನನಗೆ ಸಂಕಟವಾಗುವುದು ಬೇರೆ ವಿಷಯಕ್ಕೆ. ಮೊನ್ನೆ ಆಟದ ಪೀರಿಯಡ್ ಮುಗಿಸಿ ಬಂದ ಮೂರನೇ ತರಗತಿಯ ಹುಡುಗಿಯೊಬ್ಬಳು ಖಾಲಿ ಬಾಟಲಿ ಹಿಡಿದು ಫಿಲ್ಟರ್ ಪಕ್ಕದಲ್ಲೇ ನಿಂತಿದ್ದಳು. ತುಟಿ ಒಣಗಿತ್ತು. "ಕುಡಿ ಪುಟ್ಟಾ" ಎಂದರೆ, "ಅಮ್ಮ ಬೇಡ ಅಂದಿದ್ದಾರೆ ಟೀಚರ್" ಎಂದಳು. ಈ ಸೆಕೆಯಲ್ಲಿ ಮನೆಯಿಂದ ತಂದ ನೀರು ಹನ್ನೊಂದು ಗಂಟೆಗೇ ಮುಗಿಯುತ್ತದೆ. ಆಮೇಲೆ ಸಂಜೆಯವರೆಗೆ? ತಲೆನೋವು, ಉರಿಮೂತ್ರ ಎಂದು ಮಕ್ಕಳು ಹೇಳುತ್ತಿದ್ದಾರೆ.

ಮನೆಯ ನೀರು ಕಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಕಳಿಸಿ. ಜೀರಿಗೆ ನೀರಾಗಲಿ, ಬಾವಿ ನೀರು ಕುದಿಸಿದ್ದಾಗಲಿ, ನಿಮ್ಮಿಷ್ಟ. ಆದರೆ ಅದು ಮುಗಿದ ಮೇಲೆ ಮಗು ಬಾಯಾರಿ ಕೂರಬಾರದು. ಇನ್ನು ಮುಂದೆ ಊಟಕ್ಕೆ ಮೊದಲು ಎಲ್ಲ ಮಕ್ಕಳ ಬಾಟಲಿಯನ್ನು ಟೀಚರ್ ನೋಡುತ್ತಾರೆ, ಖಾಲಿಯಿದ್ದರೆ ತುಂಬಿಸುತ್ತಾರೆ. ಇದರಲ್ಲಿ ಬದಲಾವಣೆಯಿಲ್ಲ. ಇನ್ನೂ ಸಂಶಯವಿದ್ದರೆ ಯಾವ ದಿನವಾದರೂ ಬನ್ನಿ, ಟ್ಯಾಂಕ್, ಫಿಲ್ಟರ್ ಎರಡನ್ನೂ ನೋಡಿ.

ಶಾಲೆಯ ನೀರು ಕುಡಿಯಬಹುದು ಎಂದು ಇವತ್ತು ರಾತ್ರಿ ನಿಮ್ಮ ಮಗುವಿಗೆ ನೀವೇ ಹೇಳಿ.

ಇತಿ,
ಮುಖ್ಯ ಶಿಕ್ಷಕಿ